ಎಲೆ ಬೇಯಿಸಿದ ಮಹದೇವಸ್ವಾಮಿ

ಎಲೆಯ ವಿಷಯದಲ್ಲಿ ತನ್ನನ್ನು ಸೋಲಿಸುವ ಗಂಡಸು ಈ ಬೆಟ್ಟದ ಮೇಲೆ ಇನ್ನೂ ಹುಟ್ಟಿಲ್ಲ ಎಂದು ಮಹದೇವಸ್ವಾಮಿ ಅರವತ್ತು ದಾಟುವವರೆಗೂ ನಂಬಿಕೊಂಡಿದ್ದ. ನಂಬಿಕೆಗೆ ಕಾರಣವೂ ಇತ್ತು ಅನ್ನಿ. ಅವನಪ್ಪ ಗುಂಡ್ಲುಪೇಟೆ ಕಡೆಯಿಂದ ಹೊಟ್ಟೆಪಾಡಿಗೆ ಬೆಟ್ಟ ಹತ್ತಿ ಬಂದು, ಕೋಟಗಿರಿ ಹತ್ತಿರದ ಕೂಕಲ್ತೊರೈ ದಾರಿಯಲ್ಲಿ ಒಂದು ಹಳ್ಳದ ಪಕ್ಕ ನೀಲಗಿರಿ ಎಣ್ಣೆಯ ಬಟ್ಟಿ ಹಾಕಿದವನು. ಮಗನಿಗೆ ಮೀಸೆ ಮೂಡಿದ್ದು ಆ ಬಟ್ಟಿಯ ಹೊಗೆಯಲ್ಲೇ. ನೀಲಗಿರಿ ಮರದ ಎಲೆ ಹೊತ್ತು ತಂದು ಡ್ರಮ್ಮಿಗೆ ತುಂಬುವುದು, ಕೆಳಗೆ ಬೆಂಕಿ ಮಾಡುವುದು, ಹಬೆ ತಾಮ್ರದ ಕೊಳವೆಯಲ್ಲಿ ಹಾದು ತಣ್ಣೀರಿನ ತೊಟ್ಟಿಯಲ್ಲಿ ತಣಿದು ಎಣ್ಣೆಯಾಗಿ ತೊಟ್ಟಿಕ್ಕುವುದನ್ನು ಕಾಯುವುದು, ಅದೇ ಅವನ ಓದು, ಅದೇ ಅವನ ಉದ್ಯೋಗ. ಒಂದು ಎಲೆ ಮುರಿದು ಮೂಸಿದರೆ ಸಾಕು, ಈ ಹೊರೆ ಎಷ್ಟು ಎಣ್ಣೆ ಬಿಡುತ್ತದೆ ಎಂದು ಹೇಳಿಬಿಡುತ್ತಿದ್ದ.

ಮದುವೆಯಾಗಿ ಬಂದ ಪ್ರೇಮಲತಾ ಮೊದಮೊದಲು ಸೆರಗಿನಿಂದ ಮೂಗು ಮುಚ್ಚಿಕೊಂಡೇ ಓಡಾಡುತ್ತಿದ್ದಳು. ಆಮೇಲೆ ಆ ವಾಸನೆ ಇಲ್ಲದಿದ್ದರೆ ನಿದ್ದೆ ಹತ್ತುವುದಿಲ್ಲ ಅನ್ನತೊಡಗಿದಳು. "ನಮ್ ಮನೇವ್ರು ಪಕ್ಕದಲ್ಲಿ ಕೂತ್ರೆ ಸಾಕು, ಎಂಥಾ ಶೀತ ಆದ್ರೂ ಇಳ್ದೋಗುತ್ತೆ" ಎಂದು ತೌರಿನವರ ಮುಂದೆ ಅವಳು ಆಡಿದ ಮಾತನ್ನು ಮಹದೇವಸ್ವಾಮಿ ಇವತ್ತಿಗೂ ಎದೆಯಲ್ಲಿಟ್ಟುಕೊಂಡಿದ್ದಾನೆ. ಮಾತು ಕಡಿಮೆಯ ಹೆಂಗಸು ಅವಳು. ಹೊಗಳಿದ್ದು ಜೀವಮಾನದಲ್ಲಿ ಅದೊಂದೇ ಸಲ.

ಎಲ್ಲಿಂದಲೋ ಅಗ್ಗದ ಎಣ್ಣೆ ಬರತೊಡಗಿತು, ಎಲೆ ಸಿಗುವುದೂ ಕಷ್ಟವಾಯಿತು, ಬಟ್ಟಿ ಆರಿತು. ಕೊಳವೆ ಗುಜರಿಗೆ ಹೋಯಿತು. ಡ್ರಮ್ಮನ್ನು ಮಾತ್ರ ಕೊಡಲು ಮನಸ್ಸಾಗದೆ ಹಿತ್ತಲಿಗೆ ತಂದು ಮಗುಚಿ ಹಾಕಿದ. ಅದರ ಮೇಲೆ ಪ್ರೇಮಲತಾ ಹಪ್ಪಳ ಒಣಗಿಸುತ್ತಿದ್ದಳು. ಎಲೆಯ ಬಗ್ಗೆ ಮಹದೇವಸ್ವಾಮಿಯನ್ನು ಕೇಳುವವರು ಯಾರೂ ಉಳಿಯಲಿಲ್ಲ.

ಇಂಥವನಿಗೆ ಕೊನೆಗಾಲದಲ್ಲಿ ಹೊಟ್ಟೆಕಿಚ್ಚು ಹತ್ತಿದ್ದೂ ಎಲೆಯಿಂದಲೇ.

ಪಕ್ಕದ ಮನೆಯ ರಾಜಾಮಣಿ ಬಸ್ ಡ್ರೈವರ್ ಆಗಿದ್ದವನು. ಕೋಟಗಿರಿಯಿಂದ ಮೇಟ್ಟುಪಾಳ್ಯಕ್ಕೆ ಘಾಟಿ ಇಳಿಸಿ ಹತ್ತಿಸಿ ಆಯುಸ್ಸು ಕಳೆದ ತಮಿಳರವನು. ಅವನಿಗೂ ಎಲೆಗೂ ಇರುವ ಸಂಬಂಧ ಊಟದ ಎಲೆಯೊಂದೇ ಎಂದು ಮಹದೇವಸ್ವಾಮಿ ಲೇವಡಿ ಮಾಡುವುದಿತ್ತು. ಆ ರಾಜಾಮಣಿ ರಿಟೈರಾದ, ಅದರ ಬೆನ್ನಿಗೇ ಹೆಂಡತಿಯನ್ನು ಕಳೆದುಕೊಂಡ, ಮಾಡಲು ಕೆಲಸವಿಲ್ಲದೆ ಹೂಗಿಡಗಳ ಹಿಂದೆ ಬಿದ್ದ. ಅವನ ಅಂಗಳದಲ್ಲಿ ಬೇಲಿಗೆ ತಾಗಿದಂತೆ ಒಂದು ಹಳೆಯ ಬೇರಿಕಾಯಿ ಮರವಿದೆ, ಪೇರ್ ಹಣ್ಣಿನ ಜಾತಿಯದು. ಡಿಸೆಂಬರಿನ ಚಳಿಗೆ ಅದರ ಎಲೆ ಕೆಂಪಾಗಿ, ಹಿಮ ಬೀಳುವ ಹೊತ್ತಿಗೆ ರಾಶಿ ರಾಶಿ ಉದುರುತ್ತದೆ. ಬೇರೆಯವರಾದರೆ ಗುಡಿಸಿ, ಬೆಂಕಿ ಹಾಕಿ, ಕೈಕಾಯಿಸಿಕೊಂಡು ಮರೆಯುತ್ತಾರೆ. ಬೇಲಿಯ ಈಚೆ ಬಿದ್ದ ಪಾಲನ್ನು ಮಹದೇವಸ್ವಾಮಿ ಮಾಡುತ್ತಿದ್ದದ್ದೂ ಅದನ್ನೇ. ರಾಜಾಮಣಿ ಮಾತ್ರ ಗೂಟ ನೆಟ್ಟು, ಸುತ್ತ ಕೋಳಿಬಲೆ ಕಟ್ಟಿ, ಎಲೆಯನ್ನೆಲ್ಲ ಒಳಗೆ ತುಂಬಿ, ನೀರು ಚಿಮುಕಿಸಿ, ಮೇಲೆ ಗೋಣಿ ಹೊದಿಸಿ ಸುಮ್ಮನಾದ. ಎರಡು ಮಳೆಗಾಲ ಕಳೆದು ಗೋಣಿ ಎತ್ತಿದರೆ ಒಳಗೆ ಎಲೆಯ ಗುರುತೇ ಇಲ್ಲ, ಕಾಫಿಪುಡಿಯಂಥ ಕಪ್ಪು ಮಣ್ಣು. ಕೈಯಲ್ಲಿ ಹಿಡಿದರೆ ಹಗುರ, ಹಿಂಡಿದರೆ ತೇವ, ಮೊದಲ ಮಳೆ ಬಿದ್ದ ಕಾಡಿನ ವಾಸನೆ.

ಆ ಮಣ್ಣಿನ ಒಂದು ಬುಟ್ಟಿ ಬೇಲಿಯ ಮೇಲಿನಿಂದ ಪ್ರೇಮಲತಾಳ ಕೈಗೆ ಬಂತು. ಅವಳ ಹತ್ತಿರ ಒಂದು ಬಿಗೋನಿಯಾ ಕುಂಡವಿತ್ತು. ಕೂನೂರಿನ ಬಂಗಲೆಯೊಂದರಲ್ಲಿ ಆಯಾ ಆಗಿದ್ದ ಅವಳ ಅಕ್ಕ ತೀರಿಹೋಗುವ ಮುಂಚೆ ಕೊಟ್ಟ ಗಿಡ. ಅಕ್ಕನ ಹೆಸರಲ್ಲಿ ಉಳಿದದ್ದು ಅದೊಂದೇ. ಹಲವು ವರ್ಷದಿಂದ ಅದು ಸಾಯಲೂ ಇಲ್ಲ, ಬೆಳೆಯಲೂ ಇಲ್ಲ, ರೋಗಿಯ ಹಾಗೆ ಕಿಟಕಿಯಲ್ಲಿ ಕೂತಿತ್ತು. ರಾಜಾಮಣಿಯ ಮಣ್ಣು ಹಾಕಿದ್ದೇ ಹಾಕಿದ್ದು, ಬೇಸಿಗೆ ಕಾಲಿಡುವುದರೊಳಗೆ ಅಂಗೈ ಅಗಲದ ಎಲೆ ಬಿಟ್ಟು, ಗೊಂಚಲು ಗೊಂಚಲಾಗಿ ಕೆಂಪು ಹೂ ತೂಗಾಡಿತು.

ಅಂದಿನಿಂದ ಪ್ರೇಮಲತಾ ಬೆಳಗಿನ ಟೀ ಲೋಟ ಹಿಡಿದು ಬೇಲಿಯ ಹತ್ತಿರ ನಿಲ್ಲುವುದು ರೂಢಿಯಾಯಿತು. ಮಾತು ಕಡಿಮೆಯ ಹೆಂಗಸಿಗೆ ಅಲ್ಲಿ ಅದೆಲ್ಲಿಂದ ಮಾತು ಬರುತ್ತಿತ್ತೋ.

"ಇಷ್ಟು ಚೆನ್ನಾಗಿ ಹೆಂಗ್ ಮಾಡ್ತೀರಿ ರಾಜಾಮಣಿ ಅಣ್ಣ?"

"ನಾನೇನೂ ಮಾಡಲ್ಲ ತಂಗಚ್ಚಿ. ಮಳೆ ಮಾಡುತ್ತೆ, ಎರೆಹುಳ ಮಾಡುತ್ತೆ. ಘಾಟಿ ಹತ್ತಿಸಿದ ಹಾಗೆ ಇದು. ಸೆಕೆಂಡ್ ಗೇರಲ್ಲೇ ಹೋಗ್ಬೇಕು. ಅವಸರ ಮಾಡಿದ್ರೆ ವಂಡಿ ನಿಂತುಬಿಡುತ್ತೆ."

ಮಹದೇವಸ್ವಾಮಿ ಜಗಲಿಯಲ್ಲಿ ಕೂತು ಇದನ್ನು ಕೇಳಿಸಿಕೊಳ್ಳುತ್ತಿದ್ದ. ಹೆಂಡತಿಯ ಮೇಲೆ ಅವನಿಗೆ ಅನುಮಾನವೇನೂ ಇರಲಿಲ್ಲ. ಇದ್ದಿದ್ದರೆ ಒಂದು ಜಗಳ ಮಾಡಿ ಮುಗಿಸಬಹುದಿತ್ತು. ಅವಳು ರಾಜಾಮಣಿಯ ಮುಖ ಕೂಡ ಸರಿಯಾಗಿ ನೋಡುತ್ತಿರಲಿಲ್ಲ. ಅವನು ಕೊಟ್ಟ ಮಣ್ಣನ್ನು ಬೊಗಸೆಯಲ್ಲಿ ತುಂಬಿಕೊಂಡು, ಕಣ್ಣು ಮುಚ್ಚಿ, ಉಸಿರೆಳೆದು ಮೂಸುತ್ತಿದ್ದಳು. ಮಹದೇವಸ್ವಾಮಿಯ ಹೊಟ್ಟೆಗೆ ಬೆಂಕಿ ಬೀಳುತ್ತಿದ್ದದ್ದು ಆ ಮುಚ್ಚಿದ ಕಣ್ಣು ಕಂಡಾಗ. ಒಂದು ಕಾಲದಲ್ಲಿ, ಬಟ್ಟಿಯ ಕೆಲಸ ಮುಗಿಸಿ ಬಂದ ಅವನ ತೋಳಿಗೆ ಮುಖ ಆನಿಸಿ ಅವಳು ಹೀಗೇ ಕಣ್ಣು ಮುಚ್ಚುತ್ತಿದ್ದಳು. ಅಂಥದ್ದನ್ನು ಒಬ್ಬ ಬಸ್ ಡ್ರೈವರನ ಕೊಳೆತ ಎಲೆ ಕಿತ್ತುಕೊಂಡಿತಲ್ಲ.

"ಹಿತ್ತಲ ಗಿಡ ಮದ್ದಲ್ಲ" ಎಂದ ಒಂದು ದಿನ, ಗಾಳಿಗೆ ಹೇಳಿದ ಹಾಗೆ.

"ಏನಂದ್ರಿ?"

"ಎಲೆ ಬಗ್ಗೆ ತಿಳ್ಕೊಂಡೋನು ಮನೆಯೊಳಗೇ ಇದ್ದ ಅಂದೆ."

ಪ್ರೇಮಲತಾ ನಕ್ಕಳು. "ನಿಮ್ದು ಬೇಯ್ಸೋ ಎಲೆ ಕಣ್ರೀ. ಇದು ಬೇರೆ" ಎಂದು ಒಳಗೆ ಹೋದಳು. ಅವಳು ಕೆಟ್ಟದಾಗಿ ಹೇಳಿರಲಿಲ್ಲ. ಆದರೆ ಹೊಟ್ಟೆಕಿಚ್ಚಿನವನಿಗೆ ಒಳ್ಳೆಯ ಮಾತೂ ಮುಳ್ಳೇ. 'ಬೇಯ್ಸೋ ಎಲೆ' ಎಂಬುದು ಅವನ ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ ಸಿಕ್ಕಿಕೊಂಡಿತು. ಅದರ ಮೇಲೆ ಚೇರಂಬಾಡಿಯಲ್ಲಿರುವ ಮಗಳು ಸಿಂಧುಜಾ ಫೋನ್ ಮಾಡಿ, "ಅಪ್ಪಾ, ಅಮ್ಮ ಬಿಗೋನಿಯಾ ಫೋಟೊ ಕಳ್ಸಿದ್ಲು, ಕೆಳಗೆ ರಾಜಾಮಣಿ ಅಣ್ಣನ ಮಣ್ಣಿನ ಮಹಿಮೆ ಅಂತ ಬರ್ದಿದ್ಲು" ಎಂದು ನಗುತ್ತ ಹೇಳಿದಳು. ಅವತ್ತು ಮಹದೇವಸ್ವಾಮಿಗೆ ಊಟ ರುಚಿಸಲಿಲ್ಲ.

ಮೇ ತಿಂಗಳಲ್ಲಿ ಮೊಮ್ಮಗುವಿನ ಕಿವಿ ಚುಚ್ಚುವ ಶಾಸ್ತ್ರವೆಂದು ಪ್ರೇಮಲತಾ ಒಂದು ತಿಂಗಳ ಮಟ್ಟಿಗೆ ಚೇರಂಬಾಡಿಗೆ ಹೊರಟಳು. ಸೊಂಟನೋವಿನ ನೆವ ಹೇಳಿ ಮಹದೇವಸ್ವಾಮಿ ಉಳಿದುಕೊಂಡ. ರಾಜಾಮಣಿ ಆಗಷ್ಟೇ ಕೊಟ್ಟ ಹೊಸ ಮಣ್ಣನ್ನು ಕುಂಡಕ್ಕೆ ಒಂದು ಬೊಗಸೆ ಹಾಕಿ ಹೊರಡುವಾಗ ಅವಳು ಹೇಳಿದ್ದು ಒಂದೇ: "ಅಕ್ಕನ ಗಿಡಕ್ಕೆ ನೀರು ಜಾಸ್ತಿ ಹಾಕ್ಬೇಡಿ."

ಬಸ್ಸು ತಿರುವು ದಾಟುವುದನ್ನೇ ಕಾಯುತ್ತಿದ್ದವನಂತೆ ಅವನು ಹಿತ್ತಲಿಗೆ ಹೋಗಿ ಡ್ರಮ್ಮು ನೆಟ್ಟಗೆ ನಿಲ್ಲಿಸಿದ. ರಾಜಾಮಣಿಗೆ ಎರಡು ಮಳೆಗಾಲ ಬೇಕಾಗುವ ಕೆಲಸವನ್ನು ತಾನು ಅವಳು ಬರುವುದರೊಳಗೆ ಮಾಡಿ ತೋರಿಸುತ್ತೇನೆ ಎಂಬುದು ಅವನ ಲೆಕ್ಕಾಚಾರ. ಎಲೆ ಕಪ್ಪಾಗಬೇಕು, ಮೆತ್ತಗಾಗಬೇಕು, ಪುಡಿಯಾಗಬೇಕು, ತಾನೇ? ಅದಕ್ಕೆ ಮಳೆಯನ್ನು ಯಾಕೆ ಕಾಯಬೇಕು, ಬೆಂಕಿ ಇಲ್ಲವೆ? ಬಟ್ಟಿಯವನಿಗೆ ಗೊತ್ತಿದ್ದ ವಿದ್ಯೆ ಅದೊಂದೇ ನೋಡಿ. ಆತುರಗಾರನಿಗೆ ಬುದ್ಧಿ ಮಟ್ಟ ಅನ್ನುವುದು ಸುಮ್ಮನೆ ಅಲ್ಲ. ರಸ್ತೆಯಾಚೆಯ ನೀಲಗಿರಿ ಮರಗಳ ಕೆಳಗಿನಿಂದ ಚೀಲಗಟ್ಟಲೆ ಉದುರೆಲೆ ತಂದು ತುಂಬಿದ, ನೀರು ಹೊಯ್ದ, ಮುಚ್ಚಳ ಬಿಗಿದ, ಉರಿ ಹಚ್ಚಿದ. ಬಹಳ ದಿನದ ಮೇಲೆ ಬೆಂಕಿಯ ಮುಂದೆ ಕುಕ್ಕರುಗಾಲಲ್ಲಿ ಕೂತವನಿಗೆ ಮೈಯಲ್ಲಿ ಹಳೆಯ ಹುರುಪು ಬಂತು. ಮೊದಲಾದರೆ ಹಬೆ ಕೊಳವೆಯಲ್ಲಿ ಹೊರಗೆ ಹೋಗಿ ಎಣ್ಣೆ ಬೇರೆಯಾಗುತ್ತಿತ್ತು. ಈಗ ಕೊಳವೆ ಎಲ್ಲಿದೆ? ಎಣ್ಣೆಯ ಬಹುಪಾಲು ಮುಚ್ಚಳಕ್ಕೆ ತಾಗಿ ತಿರುಗಿ ಎಲೆಯ ಮೇಲೇ ತೊಟ್ಟಿಕ್ಕಿತು. ಆ ಎಣ್ಣೆ ಗಿಡದ ಬೇರನ್ನು ಸುಡುತ್ತದೆ ಎಂಬುದು ಬಟ್ಟಿಯವನಿಗೆ ಹೊಳೆಯಬೇಕಿತ್ತು. ಹೊಟ್ಟೆ ಉರಿಯುವಾಗ ತಲೆ ಓಡುವುದಿಲ್ಲ.

ಬೀದಿಯ ತುಂಬ ಘಾಟು ಹರಡಿತು. ಕೊನೆಯ ಮನೆಯ ತೇನ್ಮೊಳಿ ಬಂದು ಏನೆಂದು ಕೇಳಿದಳು. "ಮೊಮ್ಮಗೂಗೆ ಶೀತ, ಸ್ವಲ್ಪ ಎಣ್ಣೆ ಇಳಿಸ್ತಿದೀನಿ" ಎಂದು ಸುಳ್ಳು ಹೇಳಿ ಕಳಿಸಿದ. ರಾಜಾಮಣಿ ಬೇಲಿಯಾಚೆಯಿಂದ ಒಮ್ಮೆ ಇಣುಕಿ ಒಳಗೆ ಹೋದ.

ಬೆಂದ ಎಲೆಯನ್ನು ಹರವಿ ಆರಿಸಿ, ಕುಟ್ಟಿ, ಜರಡಿ ಹಿಡಿದಾಗ ನಿಜಕ್ಕೂ ಕಪ್ಪಾಗಿಯೇ ಇತ್ತು. ಕಣ್ಣಿಗೆ ರಾಜಾಮಣಿಯ ಮಣ್ಣಿಗಿಂತ ಒಂದು ಕೈ ಮೇಲೆ. ಮಹದೇವಸ್ವಾಮಿ ಬಿಗೋನಿಯಾ ಗಿಡವನ್ನು ಕುಂಡದಿಂದ ಎತ್ತಿ, ಬೇರಿಗೆ ಹತ್ತಿದ್ದ ರಾಜಾಮಣಿಯ ಮಣ್ಣನ್ನೆಲ್ಲ ಉದುರಿಸಿ, ತೊಳೆದು, ತನ್ನ ಮಣ್ಣಿನಲ್ಲಿ ಕೂರಿಸಿದ. ಹಳೆಯ ಮಣ್ಣನ್ನು ಚರಂಡಿಗೆ ಚೆಲ್ಲಿದಾಗ ಆದ ಸಮಾಧಾನ ಅಷ್ಟಿಷ್ಟಲ್ಲ. ಅವಳು ಬರುತ್ತಾಳೆ, ಹೂ ಇನ್ನೂ ಹೆಚ್ಚಾಗಿರುತ್ತದೆ, ಆಗ ಹೇಳುತ್ತೇನೆ, ನಿನ್ನ ಅಣ್ಣನ ಮಣ್ಣಲ್ಲ ಕಣೇ, ನಂದು, ಎಂದು ಬಾಯಿಪಾಠ ಮಾಡಿಕೊಂಡ.

ಗಿಡ ಮೊದಲು ಹೂ ಉದುರಿಸಿತು. ಆಮೇಲೆ ಎಲೆಯ ಅಂಚು ಸುಟ್ಟ ಕಾಗದದ ಹಾಗಾಯಿತು. ಕಾಂಡ ಬುಡದಲ್ಲಿ ಮೆತ್ತಗಾಗಿ ಕುಂಡದ ಮೇಲೆ ಒರಗಿತು. ಮಹದೇವಸ್ವಾಮಿ ನೀರು ಹಾಕಿ ನೋಡಿದ, ಹಾಕದೆ ನೋಡಿದ, ನೆರಳಿಗೆ ಇಟ್ಟ, ಬಿಸಿಲಿಗೆ ಇಟ್ಟ. ಬೇಲಿ ದಾಟಿ ರಾಜಾಮಣಿಯನ್ನು ಒಂದು ಮಾತು ಕೇಳಿದ್ದರೆ ಗಿಡ ಉಳಿಯುತ್ತಿತ್ತೇನೋ. ಸತ್ತರೂ ಕೇಳಲಾರೆ ಅನ್ನಿಸಿತು. ಸತ್ತದ್ದು ಗಿಡ.

ಪ್ರೇಮಲತಾ ಬಂದವಳು ಚೀಲವನ್ನೂ ಕೆಳಗಿಡದೆ ಕುಂಡದ ಮುಂದೆ ನಿಂತುಬಿಟ್ಟಳು. ಆಮೇಲೆ ಒಂದು ಚಿಟಿಕೆ ಮಣ್ಣು ತೆಗೆದು ಮೂಗಿನ ಹತ್ತಿರ ಹಿಡಿದಳು, ಕೈ ಕೊಡವಿದಳು. ಮಹದೇವಸ್ವಾಮಿ ಗೋಡೆಯ ಕ್ಯಾಲೆಂಡರು ನೋಡುತ್ತಿದ್ದ.

"ಎಂಥಾ ಮಣ್ಣು ಕೊಟ್ಬಿಟ್ರು ರಾಜಾಮಣಿ ಅಣ್ಣ" ಎಂದಳು ಕೊನೆಗೆ. "ಅಕ್ಕನ ಗಿಡ ಹೋಯ್ತಲ್ಲ."

ಹೇಳಬೇಕಾದ ಮಾತು ಅವನ ನಾಲಗೆಯ ತುದಿಯಲ್ಲೇ ಇತ್ತು. ಆದರೆ ಅವಳ ಬಾಯಲ್ಲಿ ರಾಜಾಮಣಿಯ ಮೇಲೆ ಬೇಸರದ ಮಾತು ಕೇಳಿ ಎಷ್ಟೋ ದಿನದ ಉರಿಗೆ ತಣ್ಣೀರು ಬಿದ್ದಂತಾಯಿತು. ನುಂಗಿಕೊಂಡ. ಅವಳು ಕುಂಡವನ್ನು ಸೊಂಟಕ್ಕೆ ಎತ್ತಿಕೊಂಡು ಬೇಲಿಯ ಹತ್ತಿರ ಹೋಗಿ ಕರೆದಳು. ಮಹದೇವಸ್ವಾಮಿಯೂ ಹಿಂದೆಯೇ ಹೋಗಿ ನಿಂತ, ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಕೈಯನ್ನು ಪಂಚೆಗೆ ಉಜ್ಜಿಕೊಳ್ಳುತ್ತ.

ರಾಜಾಮಣಿ ಕುಂಡದೊಳಗೆ ಬೆರಳು ಹಾಕಿದ, ಮೂಸಿದ. ತಲೆಯೆತ್ತಿ ಪ್ರೇಮಲತಾಳ ಹೆಗಲ ಮೇಲಿನಿಂದ ಮಹದೇವಸ್ವಾಮಿಯನ್ನು ನೇರ ನೋಡಿದ. ಮಹದೇವಸ್ವಾಮಿ ಬೇರಿಕಾಯಿ ಮರದ ಕಡೆ ಕಣ್ಣು ತಿರುಗಿಸಿದ.

"ನನ್ ತಪ್ಪು ತಂಗಚ್ಚಿ" ಎಂದ ರಾಜಾಮಣಿ. "ಈ ಸಲ ಎಲೆ ಪೂರಾ ಕೊಳ್ತಿರ್ಲಿಲ್ಲ. ನೋಡ್ದೆ ಕೊಟ್ಬಿಟ್ಟೆ. ಮನ್ನಿಸ್ಬಿಡು."

ಪ್ರೇಮಲತಾ ಕುಂಡವನ್ನು ಬೇಲಿಯ ಬುಡದಲ್ಲಿ ಇಳಿಸಿದಳು. ತಿರುಗಿ ಗಂಡನ ಮುಖ ನೋಡಿದಳು, ಸ್ವಲ್ಪ ಕಾದಳು, ಒಳಗೆ ಹೋದಳು.

ಮರುದಿನದಿಂದ ಅವಳು ಬೇಲಿಯ ಹತ್ತಿರ ಹೋಗಲಿಲ್ಲ. ಟೀಯನ್ನು ಒಲೆಯ ಮುಂದೆಯೇ ಕುಡಿದಳು. ಮಹದೇವಸ್ವಾಮಿಗೆ ಬೇಕಾಗಿದ್ದದ್ದು ಇದೇ ಅಲ್ಲವೆ? ಮೊದಲೆರಡು ದಿನ ಖುಷಿಯೂ ಆಯಿತು. ಆದರೆ ಅವಳು ಅವನ ಜೊತೆಗೂ ಕೂರಲಿಲ್ಲ. ಅನ್ನ ಬಡಿಸಿದಳು, ನೀರು ಇಟ್ಟಳು, ಮಾತಿಗೆ ಮಾತು ಸೇರಿಸಲಿಲ್ಲ. ಹೀಗೇ ಒಂದು ತಿಂಗಳು ಕಳೆಯುವಷ್ಟರಲ್ಲಿ ಬೀದಿಯಲ್ಲಿ ಸುದ್ದಿ ಹಬ್ಬಿತು, ರಾಜಾಮಣಿಯ ಮಣ್ಣು ಹಾಕಿದರೆ ಗಿಡ ಸಾಯುತ್ತದಂತೆ. ತೇನ್ಮೊಳಿ ರಾಜಾಮಣಿ ತನಗೆ ಕೊಟ್ಟಿದ್ದ ಮಣ್ಣಿನ ಚೀಲವನ್ನು ಹೊತ್ತು ತಂದು ಅವನ ಗೇಟಿನ ಬಳಿ ಇಟ್ಟು ಹೋದಳು. ರಾಜಾಮಣಿ ಚೀಲವನ್ನು ಒಳಗೆ ಎಳೆದುಕೊಂಡ. ಆ ಸಂಜೆ ಕೋಳಿಬಲೆಯ ಪಕ್ಕ ಸ್ಟೂಲು ಹಾಕಿಕೊಂಡು ಕೂತವನು ಗೋಣಿಯನ್ನು ಎತ್ತಲೂ ಇಲ್ಲ, ನೀರು ಚಿಮುಕಿಸಲೂ ಇಲ್ಲ, ಕತ್ತಲಾಗುವವರೆಗೂ ಕೂತೇ ಇದ್ದ.

ಜಗಲಿಯಿಂದ ಇದನ್ನು ನೋಡುತ್ತಿದ್ದ ಮಹದೇವಸ್ವಾಮಿಗೆ ಪಶ್ಚಾತ್ತಾಪವಾಯಿತು ಎಂದು ನಾನು ಹೇಳಿದರೆ ಅದು ಪೂರ್ತಿ ನಿಜವಲ್ಲ. ಅವನಿಗೆ ಆದದ್ದು ಇನ್ನೂ ದೊಡ್ಡ ಹೊಟ್ಟೆಕಿಚ್ಚು. ಮಣ್ಣಿನಲ್ಲಿ ಗೆದ್ದ ಸರಿ, ಈಗ ಒಳ್ಳೆಯತನದಲ್ಲೂ ಗೆಲ್ಲುತ್ತಿದ್ದಾನಲ್ಲ ಈ ಡ್ರೈವರು. ತನ್ನ ತಪ್ಪನ್ನು ತಲೆಯ ಮೇಲೆ ಹೊತ್ತುಕೊಂಡು ಸಾಧುವಿನ ಹಾಗೆ ಕೂತಿದ್ದಾನೆ, ತಾನು ಮಾತ್ರ ಕಳ್ಳನ ಹಾಗೆ ಜಗಲಿಯಲ್ಲಿ. ಇವನಿಗೆ ಎಲ್ಲವೂ ಬೇಕೆ? ನನ್ನ ತಪ್ಪೂ ಬೇಕೆ?

ಬೆಳಗಾಗುತ್ತಲೇ ಬೇಲಿ ದಾಟಿ ಹೋಗಿ ರಾಜಾಮಣಿಯ ಬಾಗಿಲು ಬಡಿದ.

"ನನ್ ತಪ್ಪನ್ನ ನೀನ್ಯಾಕಪ್ಪ ಹೊತ್ಕೊಂಡೆ? ಯಾರು ಕೇಳಿದ್ರು ನಿನ್ನ? ನಾನೇ ಮಣ್ಣು ಬದಲಾಯಿಸಿದ್ದು. ನಾನೇ ಬೇಯಿಸಿದ್ದು. ಅದು ನಂದು. ವಾಪಸ್ ಕೊಡು."

ರಾಜಾಮಣಿ ಬಾಗಿಲಲ್ಲೇ ನಿಂತು ಅವನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದ. "ಎಲೆಯನ್ನ ಬೇಯಿಸಿದ್ರಾ ಸ್ವಾಮಿ ಅಣ್ಣ? ಸೊಪ್ಪಿನ ಸಾರು ಅಂದ್ಕೊಂಡ್ರಾ?"

"ನಗಬೇಡ."

"ನಗ್ತಿಲ್ಲ. ಕೋಪ ಬಂದಿದೆ ನಂಗೆ. ಮೂಸಿದ ಕೂಡ್ಲೆ ಗೊತ್ತಾಯ್ತು. ಆದ್ರೆ ತಂಗಚ್ಚಿ ಮುಂದೆ ನಿಮ್ಮ ಮರ್ಯಾದೆ ತೆಗ್ಯೋದು ಹೆಂಗೆ? ನಂದಾದ್ರೆ ಬೇಲಿ ಆಚೆ ಮನೆ. ನೀವು ಅವಳ ಮನೇಲೇ ಇರ್ಬೇಕಲ್ಲ." ಬಾಗಿಲ ಪಕ್ಕದ ಚೀಲದ ಕಡೆ ನೋಡಿ ಸೇರಿಸಿದ: "ತೇನ್ಮೊಳಿ ಮಣ್ಣು ವಾಪಸ್ ತಂದಿಟ್ಟಾಗ ಮಾತ್ರ ನೋವಾಯ್ತು."

ಆ ಕೊನೆಯ ಮಾತು ಮಹದೇವಸ್ವಾಮಿಗೆ ನಾಟಿತು. ಸಾಧುವಿಗೆ ನೋವಾಗುತ್ತದೆ ಎಂದು ಅವನು ಎಣಿಸಿರಲಿಲ್ಲ. ಬಾಗಿಲ ಪಕ್ಕದಲ್ಲೇ ಬಿದ್ದಿದ್ದ ತೇನ್ಮೊಳಿಯ ಚೀಲವನ್ನು ಹೆಗಲಿಗೇರಿಸಿಕೊಂಡು ಬೀದಿಯ ಕೊನೆಯವರೆಗೂ ನಡೆದು, ಅವಳ ಅಂಗಳದಲ್ಲಿ ಇಳಿಸಿ, ಟೀ ತೋಟಕ್ಕೆ ಹೊರಟು ನಿಂತಿದ್ದ ನಾಲ್ಕು ಹೆಂಗಸರೆದುರೇ ಹೇಳಿದ: "ಗಿಡ ಸಾಯಿಸಿದ್ದು ನಾನು, ಮಣ್ಣು ಒಳ್ಳೇದೇ." ಅವರು ಬಾಯಿಗೆ ಸೆರಗು ಹಿಡಿದು ನಕ್ಕರು. ಎಲೆ ಬೇಯಿಸಿದ ಮಹದೇವಸ್ವಾಮಿ ಎಂಬ ಹೆಸರು ಅವನಿಗೆ ಅಂಟಿಕೊಂಡದ್ದು ಅಂದಿನಿಂದಲೇ.

ಮನೆಗೆ ಬಂದರೆ ಪ್ರೇಮಲತಾ ಒಲೆಯ ಮುಂದೆ ಕೂತಿದ್ದಳು. ಅವನು ನಿಂತಲ್ಲೇ ಎಲ್ಲ ಹೇಳಿದ, ಡ್ರಮ್ಮು, ಬೆಂಕಿ, ಜರಡಿ, ಚರಂಡಿಗೆ ಚೆಲ್ಲಿದ ಮಣ್ಣು. ಅವಳು ಉರಿಯಿಂದ ಕಣ್ಣು ತೆಗೆಯದೆ ಕೇಳಿಸಿಕೊಂಡಳು.

"ನಲವತ್ತು ವರ್ಷದಿಂದ ನಿಮ್ ಮೈ ವಾಸ್ನೆ ಪಕ್ಕ ಮಲಗ್ತಿದೀನಿ" ಎಂದಳು. "ಒಂದು ಚಿಟಿಕೆ ಮಣ್ಣಲ್ಲಿ ಅದು ಗೊತ್ತಾಗಲ್ವ ನಂಗೆ?"

"ಗೊತ್ತಿತ್ತಾ? ಮತ್ತೆ ಅವನನ್ಯಾಕೆ ಬೈದೆ?"

"ನೀವು ತಡೀತೀರ ಅಂತ. ಬೇಲಿ ಹತ್ರ ನಿಮ್ ಮುಖ ನೋಡ್ದೆ. ಆಗ್ಲೂ ಸುಮ್ನೆ ನಿಂತಿದ್ರಿ, ಅಣ್ಣನ ಮುಖ ನೋಡೋಕೆ ನಂಗೇ ನಾಚ್ಕೆ ಆಯ್ತು. ಗಿಡ ಹೋಗಿದ್ದಕ್ಕೆ ಅಳು ಬರ್ಲಿಲ್ಲ ಕಣ್ರೀ. ಅದಕ್ಕೆ ಬಂತು."

ಮಹದೇವಸ್ವಾಮಿ ಕೂತುಕೊಂಡ. ಯಾವ ಕಣ್ಣಲ್ಲಿ ದೊಡ್ಡವನಾಗಲು ಎಲೆ ಬೇಯಿಸಿದನೋ ಆ ಕಣ್ಣಲ್ಲೇ ತಾನು ಎಷ್ಟು ಚಿಕ್ಕವನಾದೆ ಎಂದು ಆಗ ತಿಳಿಯಿತು. ಪ್ರೇಮಲತಾ ಎದ್ದು ಅಡುಗೆಮನೆಯ ಕಿಟಕಿಯಿಂದ ಒಂದು ಹಳೆಯ ಡಬ್ಬಿ ತಂದು ಅವನ ಮುಂದೆ ಇಟ್ಟಳು. ಸತ್ತ ಗಿಡದಲ್ಲಿ ಸುಡದೆ ಉಳಿದಿದ್ದ ಒಂದೇ ಎಲೆಯನ್ನು ಅವಳು ಬಂದ ದಿನವೇ ಚಿವುಟಿ, ತೇವದ ಮರಳಿನ ಮೇಲೆ ಮಲಗಿಸಿದ್ದಳು. ಬಿಗೋನಿಯಾ ಎಲೆಯಿಂದಲೂ ಹುಟ್ಟುತ್ತದೆ. ಎಲೆಯ ನರ ಕವಲೊಡೆಯುವಲ್ಲಿ ಸಾಸಿವೆಯಷ್ಟು ಕೆಂಪು ಚಿಗುರು ಕಂಡಿತ್ತು.

"ಇದು ದೊಡ್ಡದಾಗೋ ಹೊತ್ತಿಗೆ ಮಣ್ಣು ಬೇಕು" ಎಂದಳು. "ಡಿಸೆಂಬರಲ್ಲಿ ಬೇರಿಕಾಯಿ ಎಲೆ ನಮ್ ಕಡೆಗೂ ಬೀಳುತ್ತೆ. ಗುಡಿಸಿ, ಬಲೆ ಕಟ್ಟಿ, ನೀರು ಹಾಕಿ, ಸುಮ್ನಿರಿ. ಬೇಯಿಸ್ಬೇಡಿ."

ಡಿಸೆಂಬರು ಬಂತು. ಮಹದೇವಸ್ವಾಮಿ ಬೇಲಿಯ ಈಚೆ ಬಿದ್ದ ಎಲೆಯನ್ನೆಲ್ಲ ಗುಡಿಸಿದ, ಒಂದನ್ನೂ ಆಚೆಗೆ ಹಾರಿಹೋಗಲು ಬಿಡಲಿಲ್ಲ. ರಾಜಾಮಣಿ ಬಲೆ ಕಟ್ಟಲು ಕೈಹಾಕಿದ, ಗೋಣಿ ಯಾವಾಗ ಎತ್ತಿ ನೋಡಬೇಕೆಂದು ಹೇಳಿಕೊಟ್ಟ. ಅದನ್ನು ಕೇಳಿಸಿಕೊಳ್ಳುವಾಗೆಲ್ಲ ಹೊಟ್ಟೆಯಲ್ಲಿ ಸಣ್ಣಗೆ ಉರಿಯುತ್ತಿತ್ತು, ಸುಳ್ಳೇಕೆ. ಗುಟ್ಟಾಗಿ ಗೋಣಿ ಎತ್ತಿ ತನ್ನ ಗುಡ್ಡೆ ದೊಡ್ಡದೋ ಅವನದು ದೊಡ್ಡದೋ ಎಂದು ಅಳೆಯುವುದನ್ನೂ ಬಿಡಲಿಲ್ಲ. ಆದರೆ ಎರಡು ಮಳೆಗಾಲ ಸುಮ್ಮನಿದ್ದ. ಬೆಂಕಿಯ ಮುಂದೆ ಆಯುಸ್ಸು ಕಳೆದವನಿಗೆ ಸುಮ್ಮನಿರುವುದು ಎಷ್ಟು ಕಷ್ಟ ಎಂಬುದು ಅವನಿಗೇ ಗೊತ್ತು.

ಗೋಣಿ ಎತ್ತಿದ ದಿನ ಪ್ರೇಮಲತಾ ಡಬ್ಬಿಯ ಗಿಡವನ್ನು ಹಿಡಿದುಕೊಂಡೇ ಬಂದಳು. ರಾಜಾಮಣಿ ಬೇಲಿಯಾಚೆ ಟೀ ಲೋಟ ಹಿಡಿದು ನಿಂತಿದ್ದ. ಒಳಗೆ ಎಲೆಯ ಗುರುತಿರಲಿಲ್ಲ. ಅವಳು ಗಿಡವನ್ನು ಕೆಳಗಿಟ್ಟು, ಬೊಗಸೆ ತುಂಬ ಮಣ್ಣು ಎತ್ತಿಕೊಂಡು, ಕಣ್ಣು ಮುಚ್ಚಿ, ಉಸಿರೆಳೆದು ಮೂಸಿದಳು. ಎಷ್ಟು ಹೊತ್ತಾದರೂ ಕಣ್ಣು ತೆರೆಯಲಿಲ್ಲ.

ಗಂಡನ ಮಣ್ಣು ಅದು, ಅವನೇ ಗುಡಿಸಿದ ಎಲೆ. ಆದರೂ ಮಹದೇವಸ್ವಾಮಿ ಒಂದು ಕಾಲಿಂದ ಇನ್ನೊಂದು ಕಾಲಿಗೆ ಭಾರ ಬದಲಾಯಿಸುತ್ತ, ಗಂಟಲು ಸರಿಮಾಡಿಕೊಳ್ಳುತ್ತ ನಿಂತಿದ್ದ. ಮಣ್ಣು ಮೂಸಿದ್ದು ಸಾಕು, ಒಂದು ಸಲ ಇತ್ತ ನೋಡಬಾರದೇ ಇವಳು ಅನ್ನಿಸುತ್ತಿತ್ತು ಅವನಿಗೆ.